ಅಣಬೆಯ ಮೊದಲ ತುತ್ತು

ಅಣಬೆ ನನಗೆ ಸೇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದೆ ಓದುವವರು ನನಗೂ ಬಾಯಲ್ಲಿ ನೀರೂರುತ್ತಿತ್ತು ಅಂದುಕೊಳ್ಳಬಾರದು.

ನಾನು ಹುಟ್ಟಿದ್ದು ಆಂಡರ್ಸನ್‌ಪೇಟೆಯಲ್ಲಿ. ಅಪ್ಪ ಚಿನ್ನದ ಗಣಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದವನು. ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದರೆ ಮನೆಯೆಲ್ಲಾ ಒಂದು ವಾಸನೆ. ಬೆವರಿನದಲ್ಲ. ಬಿಸಿಲನ್ನೇ ಕಾಣದ ಮಣ್ಣಿನದು, ಅಲ್ಲೇ ನಿಂತು ಹಳಸಿದ ನೀರಿನದು. ಅಮ್ಮ ಸೋಡಾ ಹಾಕಿ ಕುದಿಸಿ ಒಗೆದರೂ ಅದು ಹೋಗುತ್ತಿರಲಿಲ್ಲ. ಮದುವೆಯಾಗಿ ಕಾಮಸಮುದ್ರದ ಕಡೆಯ ಹಳ್ಳಿಗೆ ಬಂದ ಮೊದಲ ವರ್ಷ, ಹಸ್ತೆ ಮಳೆ ಹಿಡಿದಿದ್ದಾಗ, ಯಾರೋ ಒಂದು ಬುಟ್ಟಿ ಅಣಬೆಯನ್ನು ನನ್ನ ಮುಂದಿಟ್ಟು ಮೇಲೆ ಮುಚ್ಚಿದ್ದ ಮುತ್ತುಗದ ಎಲೆ ತೆಗೆದರು. ಒಳಗಿಂದ ಅಪ್ಪನ ಅಂಗಿ ಎದ್ದು ಬಂತು. ಅದನ್ನು ಸಾರು ಮಾಡಿ ತಿನ್ನು ಅಂದರೆ ಹೇಗೆ ತಿನ್ನುವುದು? ಎದ್ದು ಹುಲ್ಲಿನ ಬಣವೆಯ ಹಿಂದಕ್ಕೆ ಹೋದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಅಲ್ಲೇ ಬಿತ್ತು. ಚಿನ್ನ ತಿನ್ನುವ ಊರಿಂದ ಬಂದವಳಿಗೆ ನಮ್ಮ ಅಣಬೆ ಎಲ್ಲಿ ಹಿಡಿಸುತ್ತದೆ ಅಂತ ಊರೆಲ್ಲಾ ನಕ್ಕಿತು. ನಗಲಿ. ಮುಂದಿನ ವರ್ಷಗಳಲ್ಲೂ ಅಣಬೆ ಊಟದ ಆ ಒಂದು ದಿನ ನಾನು ಮುದ್ದೆಗೆ ಉಪ್ಪು, ಮೆಣಸಿನಕಾಯಿ ನಂಚಿಕೊಂಡು ಉಂಡೆ.

ನಮ್ಮೂರಲ್ಲಿ ಅಣಬೆ ಊಟಕ್ಕೆ ದಿನ ಗೊತ್ತುಮಾಡುವುದು ಪಂಚಾಂಗ ಅಲ್ಲ, ಗುಡುಗು. ಪಕ್ಷದ ಹಬ್ಬ ಕಳೆದಿರುತ್ತದೆ. ರಾಗಿ ತೆನೆ ಕಟ್ಟುತ್ತಿರುತ್ತದೆ, ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹಳದಿ ಹೂವು ಬಿಟ್ಟಿರುತ್ತದೆ. ಒಂದು ಸಂಜೆ ಆಕಾಶ ಆಂಧ್ರದ ಕಡೆಯಿಂದ ಗುಡುಗುತ್ತಾ ಬಂದು, ಸುರಿದು, ಬಂದಷ್ಟೇ ಬೇಗ ನಿಂತುಹೋಗುತ್ತದೆ. ಗೋಮಾಳದ ಹುತ್ತಗಳು ನೆನೆದು ಮೆತ್ತಗಾಗುತ್ತವೆ. ಗುಡುಗಿಗೆ ಒಳಗಿನ ಗೆದ್ದಲು ಬೆಚ್ಚಿ ಕೊಡೆ ಬಿಚ್ಚುತ್ತವೆ ಅಂತ ನಮ್ಮವರು ಹೇಳುತ್ತಿದ್ದರು. ಗೆದ್ದಲು ಬೆಚ್ಚುತ್ತದೋ ಇಲ್ಲವೋ ನಾನು ಕೇಳಿಲ್ಲ. ಆದರೆ ಮಾರನೇ ದಿನವೋ ಅದರ ಮಾರನೇ ದಿನವೋ, ಮಂಜಿನಲ್ಲಿ ಹುತ್ತದ ತುಂಬಾ ಬೆಳ್ಳಗೆ ಎದ್ದು ನಿಂತಿರುವುದನ್ನು ನೋಡಿದ್ದೇನೆ.

ಮೊದಲು ಕಂಡವರು ಅದನ್ನು ಕೀಳುವ ಹಾಗಿಲ್ಲ, ಬೆರಳು ಮಾಡಿ ತೋರಿಸುವ ಹಾಗಿಲ್ಲ. ಪಕ್ಕದ ಹುಲ್ಲಿಗೆ ಒಂದು ಗಂಟು ಹಾಕಿ ಸುಮ್ಮನೆ ಬಂದು ನಮ್ಮತ್ತೆಗೆ ಹೇಳಬೇಕು. ಅವಳು ಹೂಂ ಅಂದರೆ ಮಾರನೇ ಬೆಳಗ್ಗೆ ಊರು ಊರೇ ಬುಟ್ಟಿ ಹಿಡಿದು ಹೊರಡುತ್ತದೆ. ಕುಡುಗೋಲು, ಚಾಕು ಒಯ್ಯುವಂತಿಲ್ಲ. ಬುಡಕ್ಕೆ ನೀರು ಹನಿಸಿ, ಬೆರಳು ಆಡಿಸಿ, ನಿಧಾನವಾಗಿ ಬೇರಿನ ಸಮೇತ ಎಳೆಯಬೇಕು. ಹುತ್ತದ ಅಣಬೆಗೆ ಮೇಲೆ ಕಾಣುವುದಕ್ಕಿಂತ ಉದ್ದದ ಬೇರು, ಇಲಿಯ ಬಾಲದ ಹಾಗೆ ಕೆಳಕ್ಕೆ ಕೆಳಕ್ಕೆ ಹೋಗಿರುತ್ತದೆ. ಪ್ರತಿ ಹುತ್ತದಲ್ಲೂ ಪೂರ್ತಿ ಬಿರಿದ ಒಂದನ್ನು ಅಲ್ಲೇ ಬಿಡಬೇಕು. ಯಾರೂ ಮನೆಗೆ ಒಯ್ಯುವಂತಿಲ್ಲ. ಎಲ್ಲವೂ ಕೆರೆ ಏರಿಯ ಕೆಳಗಿನ ಹೊಂಗೆ ಮರದಡಿಗೆ ಬರಬೇಕು, ಒಂದೇ ಕೊಪ್ಪರಿಗೆಗೆ ಬೀಳಬೇಕು.

ಹೊಂಗೆ ಮರದಡಿಯಲ್ಲಿ ಎರಡು ಕಲ್ಲಿನ ಮೇಲೆ, ವರ್ಷವೆಲ್ಲಾ ನಮ್ಮ ಮನೆಯಲ್ಲಿ ಇಟ್ಟಿರುತ್ತಿದ್ದ ಒಂದು ಹಳೇ ಬಾಗಿಲ ಕದ ಹಾಸುತ್ತಿದ್ದರು. ಯಾವ ಮನೆಯ ಕದವೋ, ಆ ಮನೆ ಬಿದ್ದು ಎಷ್ಟು ಕಾಲವಾಯಿತೋ. ಅದರ ಹಿಂದೆ ಮೂಡಲಕ್ಕೆ ಮುಖಮಾಡಿ ನಮ್ಮತ್ತೆ ಕೂರುತ್ತಿದ್ದಳು. ಒಂದೊಂದು ಬುಟ್ಟಿಯನ್ನೂ ಕದದ ಮೇಲೆ ಸುರಿಯಬೇಕು. ಅವಳು ಒಂದೊಂದನ್ನೂ ಎತ್ತಿ, ಬೇರು ಸವರಿ, ಮೂಸಿ, ಬೆಳಕಿಗೆ ತಿರುಗಿಸಿ ಕೊಡೆಯ ತಳ ನೋಡಿ, ಬಲಕ್ಕೆ ಹಾಕಿದರೆ ಕೊಪ್ಪರಿಗೆಗೆ, ಎಡಕ್ಕೆ ಹಾಕಿದರೆ ಗುಂಡಿಗೆ. ಬಲಕ್ಕೆ ಬಿದ್ದದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದಕ್ಕೇ ಆರಿಸಿದವಳೇ ಮೊದಲ ತುತ್ತು ತಿನ್ನಬೇಕು. ತಿಂದು, ಹೊಂಗೆಯ ನೆರಳು ತಿರುಗಿ ಮೂಡಲ ಕಡೆ ನೆಟ್ಟ ಕಲ್ಲನ್ನು ಮುಟ್ಟುವವರೆಗೆ ಎಲ್ಲರ ಕಣ್ಣೆದುರು ಕೂರಬೇಕು. ಅವಳು ನೆಟ್ಟಗಿದ್ದರೆ ಊರಿಗೆ ಊಟ. ಕೆಲವು ವಿಷ ಮಾರನೇ ದಿನ ಏಳುತ್ತದೆ, ಅದು ನಿಮ್ಮ ನೆರಳಿಗೆಲ್ಲ ಕಾಯುವುದಿಲ್ಲ ಅಂತ ಬಹಳ ವರ್ಷಗಳ ಮೇಲೆ ಆಸ್ಪತ್ರೆಯ ನರ್ಸಮ್ಮ ಒಬ್ಬಳು ನನಗೆ ಹೇಳಿದಳು. ಇರಬಹುದು. ಅಂದರೆ ನಮ್ಮೂರನ್ನು ಕಾದಿದ್ದು ನೆರಳಲ್ಲ, ಅತ್ತೆಯ ಕೈ ಮತ್ತು ಕಣ್ಣು.

ಅತ್ತೆಯ ಗಂಡ, ನನ್ನ ಮಾವ, ಸತ್ತು ಬಹಳ ಕಾಲವಾಗಿತ್ತು. ಮದುವೆ ಮನೆಗೆ ಹೋದರೆ ಅಡುಗೆ ಮಾಡುವವರ ಹಿಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯಾರಾದರೂ ಪಯಣ ಹೊರಟರೆ ತಾನೇ ಬಾಗಿಲ ಮರೆಗೆ ಸರಿಯುತ್ತಿದ್ದಳು. ಸರಿದು ನಿಲ್ಲು ಅಂತ ಯಾರೂ ಹೇಳಬೇಕಾಗಿರಲಿಲ್ಲ, ಅಷ್ಟು ಅಭ್ಯಾಸ. ಅಣಬೆ ಊಟದ ದಿನ ಮಾತ್ರ ಅವಳು ಊರ ಮುಂದೆ ಕೂರುತ್ತಿದ್ದಳು, ಅರಿಶಿನ ಕುಂಕುಮದ ಮುತ್ತೈದೆಯರೆಲ್ಲ ಬುಟ್ಟಿ ಹಿಡಿದು ಅವಳೆದುರು ಸಾಲಾಗಿ ನಿಲ್ಲುತ್ತಿದ್ದರು. ವರ್ಷದಲ್ಲಿ ಅವಳಿಗೆ ಉಳಿದಿದ್ದ ಜಾಗ ಆ ಕದದ ಹಿಂದಿನದೊಂದೇ.

ಆ ಜಾಗದ ಮೇಲೆ ನನ್ನ ವಾರಗಿತ್ತಿಗೆ ಕಣ್ಣಿತ್ತು. ನನ್ನ ಗಂಡನ ದೊಡ್ಡಪ್ಪನ ಮಗನ ಹೆಂಡತಿ ಅವಳು. ದೊಡ್ಡ ಆಳು, ಗಟ್ಟಿ ಗಂಟಲು. ಹಬ್ಬದ ದಿನ ವಿಧವೆ ಮುಂದೆ ಕೂರುವುದು ಯಾವ ಶಾಸ್ತ್ರ ಅಂತ ನೀರಿನ ಹತ್ತಿರ, ಗಿರಣಿಯ ಹತ್ತಿರ ಅನ್ನುತ್ತಲೇ ಇದ್ದಳು. ಅವಳ ತವರಿನಲ್ಲಿ ಆರಿಸುವುದೇ ಇಲ್ಲವಂತೆ. ಬೆಳ್ಳಿಯ ಕಾಲುಂಗುರ ತೆಗೆದು ಸಾರಿಗೆ ಹಾಕುವುದಂತೆ. ಉಂಗುರ ಕಪ್ಪಾದರೆ ವಿಷ, ಬೆಳ್ಳಗಿದ್ದರೆ ಊಟ. ಮುತ್ತೈದೆಯ ಉಂಗುರ ಇರುವಾಗ ಮುದುಕಿಯ ಮೂಗು ಯಾಕೆ ಅನ್ನುವುದು ಅವಳ ಮಾತು.

ಅತ್ತೆಯ ಕಣ್ಣಿಗೆ ಪೊರೆ ಬಂದದ್ದು ನನಗೆ ಗೊತ್ತಾಗಿದ್ದು ಎಮ್ಮೆಯಿಂದ. ಒಂದು ಮಧ್ಯಾಹ್ನ ಹಿತ್ತಲಿಗೆ ಹೋದವಳು ಅಲ್ಲಿ ಮಲಗಿದ್ದ ಎಮ್ಮೆಗೆ, ಯಾವಾಗ ಬಂದೆ, ಗಂಡ ಚೆನ್ನಾಗಿದ್ದಾನಾ ಅಂತ ಕೇಳಿದಳು. ವಾರಗಿತ್ತಿ ಅಂದುಕೊಂಡಿದ್ದಳು. ಗಾತ್ರದಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಗಮನಿಸಿದೆ. ಅಕ್ಕಿಯ ಕಲ್ಲನ್ನು ನೋಡಿ ಆರಿಸುತ್ತಿರಲಿಲ್ಲ, ಬೆರಳಲ್ಲಿ ಉರುಳಿಸಿ ಆರಿಸುತ್ತಿದ್ದಳು. ಲೋಟಕ್ಕೆ ಮಜ್ಜಿಗೆ ಬಗ್ಗಿಸುವಾಗ ಒಳಗೆ ಒಂದು ಬೆರಳು ಇಟ್ಟುಕೊಂಡಿರುತ್ತಿದ್ದಳು. ಬಂಗಾರಪೇಟೆಯಲ್ಲಿ ಕಣ್ಣಿಗೆ ಪುಕ್ಕಟೆ ಆಪರೇಷನ್ ಮಾಡುತ್ತಾರೆ, ಹೋಗೋಣ ಅಂದರೆ, ಇರುವ ಕಣ್ಣನ್ನು ಕೊಯ್ಯಿಸಿಕೊಂಡು ಬರಲು ನನಗೇನು ಹುಚ್ಚೇ ಅಂತ ಗದರಿದಳು.

ಆ ವರ್ಷ ಹಸ್ತೆ ಮಳೆ ಬಿಟ್ಟ ಮೇಲೆ ಗಂಟು ಹಾಕಿದವಳು ನಾನೇ. ಅಣಬೆ ತಿನ್ನದವಳ ಕಣ್ಣಿಗೇ ಅದು ಬಿತ್ತು.

ಎಮ್ಮೆ ಹೊಡೆದುಕೊಂಡು ಗೋಮಾಳಕ್ಕೆ ಹೋಗಿದ್ದೆ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಮಂಜು ಎಷ್ಟಿತ್ತೆಂದರೆ ಎಮ್ಮೆಯ ಮುಂದಿನರ್ಧ ಕರಗಿಹೋಗಿ ಹಿಂದಿನರ್ಧ ಮಾತ್ರ ನನ್ನ ಮುಂದೆ ನಡೆಯುತ್ತಿತ್ತು. ಹುಲ್ಲು ಒದ್ದೆ, ಸೀರೆಯ ಅಂಚು ಒದ್ದೆ. ಎಲ್ಲೋ ಬಂಗಾರಪೇಟೆ ಕಡೆಗೆ ಹೋಗುವ ರೈಲು ಕೂಗಿತು. ಅದು ಹಳಿಯ ಮೇಲಲ್ಲ, ಮಂಜಿನ ಮೇಲೆ ಹೋಗುತ್ತಿದೆ ಅನ್ನಿಸಿತು. ಹುತ್ತ ಒಂದು ಕಂಡಿತು. ಅದರ ಸುತ್ತ ಬೆಳ್ಳಗೆ ಏನೋ. ಯಾರೋ ಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಂಡು ಹುತ್ತದ ಸುತ್ತ ಕುಕ್ಕರುಗಾಲಲ್ಲಿ ಕೂತು ಕಥೆ ಕೇಳುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಅಣಬೆ. ಅಷ್ಟು ಸದ್ದಿಲ್ಲದೆ ಅಷ್ಟು ಜನ ನಿಂತದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಎಮ್ಮೆಯೂ ನಿಂತುಬಿಟ್ಟಿತು. ಎಷ್ಟು ಹೊತ್ತು ಅಲ್ಲಿದ್ದೆನೋ. ಮಂಜು ತೆಳ್ಳಗಾಗಿ, ದೂರದಲ್ಲಿ ಗಣಿಯವರು ಅರೆದು ಸುರಿದ ಸಯನೈಡ್ ಮಣ್ಣಿನ ದಿಬ್ಬದ ಅಂಚು ಬೆಳ್ಳಗೆ ಕಂಡಾಗ ನೆನಪಾಗಿ, ಹುಲ್ಲಿಗೆ ಗಂಟು ಹಾಕಿದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ಹೂಂ ಅಂದಳು, ಊರಿಗೆ ಸುದ್ದಿ ಹೋಯಿತು. ಸಂಜೆ ಜಗಲಿಯ ಮೇಲೆ ಕೂತು ನನ್ನನ್ನು ಮತ್ತೆ ಕರೆದಳು. ಹೇಗಿದ್ದವು, ಎಷ್ಟೆತ್ತರ, ಕೊಡೆಯ ನೆತ್ತಿಯಲ್ಲಿ ಮೊನೆ ಇತ್ತಾ, ತಳದ ಬಣ್ಣ ಏನು ಅಂತ ಕೇಳಿದಳು. ಮುಂಚೆ ಯಾವ ವರ್ಷವೂ ಯಾರನ್ನೂ ಹೀಗೆ ಕೇಳಿದವಳಲ್ಲ. ಬಗ್ಗಿ ನೋಡಲಿಲ್ಲ ಅಂದೆ.

"ಮತ್ತೆ ಅಷ್ಟೊತ್ತು ಏನ್ ಮಾಡ್ದೆ? ಉತ್ತಕ್ಕೆ ಜೋಗುಳ ಆಡ್ದಾ?"

"ಅತ್ತೆ, ನಿಮ್ಗೆ ಕಣ್ ಕಾಣ್ಸಲ್ಲ," ಅಂದೆ.

"ಕಾಣ್ತದೆ."

"ಅಂಗಾದ್ರೆ ನನ್ ಕೈಯಾಗೆ ಏನೈತೆ ಏಳಿ."

ನನ್ನ ಕೈಯಲ್ಲಿ ಮುದ್ದೆಯ ಕೋಲಿತ್ತು. ಅವಳು ನನ್ನ ಕಡೆ ಮುಖ ತಿರುಗಿಸಿದಳು. ಮುಳುಗುವ ಸೂರ್ಯನ ಬೆಳಕು ಬಿದ್ದು ಎರಡು ಕಣ್ಣೂ ಹಾಲಿನ ಹನಿಯ ಹಾಗೆ ಹೊಳೆದವು.

"ನಿನ್ ಕೈಯಾಗೆ ಯಾವತ್ ಏನಿತ್ತಮ್ಮಿ," ಅಂದಳು.

ಇಬ್ಬರೂ ನಕ್ಕೆವು. ಆಮೇಲೆ ನಗು ನಿಂತಿತು. ಅವಳೇ ಮೆಲ್ಲಗೆ ಒಂದು ಉಪಾಯ ಹೇಳಿದಳು. ಬೇರು ಸವರಿದರೆ, ಮೂಸಿದರೆ ಅವಳಿಗೆ ಬಹುಪಾಲು ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ತಿಪ್ಪೆಯ ಹತ್ತಿರ ಏಳುವ ಒಂದು ಜಾತಿಯ ನಾಯಿಕೊಡೆ. ಅದೂ ಬೆಳ್ಳಗೆ, ಅದೂ ದಪ್ಪಗೆ, ತಳ ಮಾತ್ರ ಬಲಿತ ಮೇಲೆ ಸ್ವಲ್ಪ ಹಸಿರಿಗೆ ತಿರುಗುತ್ತದೆ. ನಾನು ಪಕ್ಕದಲ್ಲಿ ಕೂತಿರಬೇಕು. ತಳ ಹಸಿರಾಗಿ ಕಂಡರೆ ಸೀರೆಯ ಮರೆಯಲ್ಲಿ ಅವಳ ಮಂಡಿ ಒತ್ತಬೇಕು. ಊರಿಗೆ ತಿಳಿಯುವುದು ಬೇಡ.

ಆಗುವುದಿಲ್ಲ ಅಂದೆ. ಊರಿನವರ ಹೊಟ್ಟೆಯ ಮೇಲೆ ಕಣ್ಣಾಮುಚ್ಚಾಲೆ ಆಡಲು ನಾನು ಬರುವುದಿಲ್ಲ, ನೀವೇ ಹೇಳಿ, ಇಲ್ಲದಿದ್ದರೆ ನಾನು ಹೇಳುತ್ತೇನೆ ಅಂದೆ. ಬಾಯಿ ಜೋರಾಗಿತ್ತು. ಅದು ಈಗಲೂ ಹಾಗೇ ಇದೆ.

ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅಗಿದಳು.

"ಊರ್ಗೆಲ್ಲಾ ಏಳು ಓಗು," ಅಂದಳು ಕೊನೆಗೆ. "ಏಳ್ಬುಟ್ಟು ನನ್ನ ಮೂಲೇಲಿ ಕೂಡ್ಸು. ಮ್ಯಾಲೆ ಒಂದು ಕುಕ್ಕೆ ಮುಚ್ಬುಡು, ಕೋಳಿಮರಿಗೆ ಮುಚ್ದಂಗೆ."

ಮಾರನೇ ದಿನ ಬೆಳಗಿನ ಜಾವ ಊರು ಹೊರಟಿತು. ಅಷ್ಟು ಜನ ಒಟ್ಟಿಗೆ ನಡೆದರೂ ಗದ್ದಲವಿರಲಿಲ್ಲ. ಅಣಬೆಗೆ ಹೋಗುವಾಗ ದನಿ ತಾನಾಗಿಯೇ ತಗ್ಗುತ್ತದೆ. ಮಂಜಿನೊಳಗೆ ಅಲ್ಲೊಂದು ಕೆಂಪು ಸೀರೆ, ಇಲ್ಲೊಂದು ಬಿಳಿ ಪಂಚೆ, ಇದ್ದಕ್ಕಿದ್ದ ಹಾಗೆ ತೇಲಿಬಂದು ಇದ್ದಕ್ಕಿದ್ದ ಹಾಗೆ ಇಲ್ಲವಾಗುತ್ತಿತ್ತು. ಒಬ್ಬಳು ತೆಲುಗಿನಲ್ಲಿ ಮೆಲ್ಲಗೆ ಪದ ಹೇಳುತ್ತಿದ್ದಳು, ಯಾವ ಕಡೆಯಿಂದ ಅಂತ ತಿಳಿಯುತ್ತಿರಲಿಲ್ಲ. ನಾನು ಹುತ್ತದ ಮುಂದೆ ಮಂಡಿಯೂರಿ, ನೀರು ಹನಿಸಿ, ಬೆರಳು ಇಳಿಸಿದೆ. ಒಳಗೆ ಬೆಚ್ಚಗಿತ್ತು. ಹುತ್ತಕ್ಕೂ ಮೈಬಿಸಿ ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಬೇರು ಎಳೆದಷ್ಟೂ ಬರುತ್ತಿತ್ತು, ಕನಸಿನಲ್ಲಿ ದಾರ ಎಳೆದ ಹಾಗೆ, ತುದಿಯೇ ಇಲ್ಲದ ಹಾಗೆ.

ಹೇಳಬೇಕೋ ಬೇಡವೋ ಅನ್ನುವುದನ್ನು ನಾನು ಅಲ್ಲಿಯವರೆಗೂ ತೀರ್ಮಾನ ಮಾಡಿರಲಿಲ್ಲ. ಹೇಳುತ್ತೇನೆ ಅಂದವಳು ನಾನು. ಆದರೆ ಮರದಡಿಗೆ ಬಂದರೆ ಅತ್ತೆ ಆಗಲೇ ಕದದ ಹಿಂದೆ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ. ನಾನು ಹೋಗಿ ಪಕ್ಕದಲ್ಲಿ ಕೂತೆ. ಕಾಲನ್ನು ಮಾತ್ರ ಅವಳ ಮಂಡಿಯಿಂದ ದೂರ ಇಟ್ಟುಕೊಂಡೆ. ಅವಳಿಗೆ ಅದು ತಿಳಿಯಿತು.

ಬುಟ್ಟಿಗಳು ಬಂದವು. ಅತ್ತೆಯ ಕೈ ನೋಡುವಂತಿತ್ತು. ಬೇರಿನ ತುದಿಯಿಂದ ಸವರಿಕೊಂಡು ಮೇಲಕ್ಕೆ, ಹೆಬ್ಬೆರಳಲ್ಲಿ ಒಮ್ಮೆ ಒತ್ತು, ಮೂಗಿನ ಹತ್ತಿರ ಒಮ್ಮೆ, ಅಭ್ಯಾಸಕ್ಕೆ ಬೆಳಕಿನ ಕಡೆ ಒಮ್ಮೆ, ಬಲಕ್ಕೆ. ಮತ್ತೊಂದು, ಬಲಕ್ಕೆ. ಕೊಳೆತದ್ದು, ಎಡಕ್ಕೆ. ಒಂದೂ ತಪ್ಪಲಿಲ್ಲ. ನಾನು ಒಂದೊಂದರ ತಳವನ್ನೂ ನೋಡುತ್ತಲೇ ಇದ್ದೆ, ಎಲ್ಲಾ ಬೆಳ್ಳಗೇ ಇದ್ದವು. ಬಲಗಡೆಯ ರಾಶಿ ಬೆಳೆಯಿತು. ಬಿಸಿಲು ಕೆರೆ ಏರಿಯನ್ನು ಹತ್ತಿ ಬಂದು ಅದರ ಮೇಲೆ ಬಿತ್ತು. ಕೆಲವು ಗಂಡಸರು ಒಲೆಗೆ ಕಲ್ಲು ಹೂಡಿದರು, ನನ್ನ ಗಂಡ ಸೌದೆ ಸೀಳಿದ. ಇವಳು ಹೀಗೇ ಮುಗಿಸಿಬಿಡುತ್ತಾಳೆ, ನನಗೆ ಬಾಯಿ ಬಿಡುವ ಕೆಲಸವೇ ಬೀಳುವುದಿಲ್ಲ ಅಂದುಕೊಂಡೆ.

ಕೊನೆಯದಾಗಿ ವಾರಗಿತ್ತಿ ಬಂದು ದೊಡ್ಡ ಬುಟ್ಟಿ ಸುರಿದಳು. ಎಲ್ಲರದಕ್ಕಿಂತ ದೊಡ್ಡದು. ಅವಸರದಲ್ಲಿ ಕಿತ್ತಿದ್ದಳು, ಅರ್ಧಕ್ಕರ್ಧ ಬೇರು ಮುರಿದಿದ್ದವು. ಕೊಡೆ, ತುಂಡು ದಂಟು, ಅಷ್ಟೇ. ಅತ್ತೆಯ ಬೆರಳು ಬೇರನ್ನು ಹುಡುಕಿ ಗಾಳಿಯನ್ನು ಸವರಿತು. ಬೇರು ಎಲ್ಲಿ ಅಂತ ಕೇಳಿದ್ದಕ್ಕೆ ವಾರಗಿತ್ತಿ, ಬೇರು ಯಾರು ತಿನ್ನುತ್ತಾರೆ, ಭಾರ ಅಂತ ಅಲ್ಲೇ ಬಿಟ್ಟೆ ಅಂದಳು.

ಅತ್ತೆ ಒಂದನ್ನು ಎತ್ತಿದಳು. ಒತ್ತಿದಳು. ಮೂಸಿದಳು. ಮತ್ತೆ ಮೂಸಿದಳು. ಬೆಳಕಿಗೆ ತಿರುಗಿಸಿದಳು. ತಳ ನನಗೆ ಕಾಣಿಸಿತು. ಹಸಿರು ಅಂದರೆ ಹಸಿರಲ್ಲ, ಹಳೇ ಹಿತ್ತಾಳೆ ಪಾತ್ರೆಯ ಕಂಠದಲ್ಲಿ ಕಿಲುಬು ಹಿಡಿದಿರುತ್ತದಲ್ಲ, ಅಷ್ಟು. ಅವಳ ಕೈ ಬಲಕ್ಕೆ ಹೊರಟಿತು. ನಾನು ಬಾಯಿ ತೆರೆದೆ. ರಾಶಿಯ ಮೇಲೆ ಹೋಗಿ ಆ ಕೈ ನಿಂತಿತು. ಬಿಡಲಿಲ್ಲ. ಅಷ್ಟೂ ಜನ ನೋಡುತ್ತಿದ್ದರು. ಎದುರಿಗೆ ಊರಿನ ಯಜಮಾನ, ನಾವೆಲ್ಲಾ ತಾತ ಅನ್ನುತ್ತಿದ್ದವನು, ಕೋಲಿಗೆ ಗಲ್ಲ ಊರಿ ಕೂತಿದ್ದ. ಅತ್ತೆ ಕೈಯನ್ನು ವಾಪಸು ತಂದು ಅಣಬೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಇದ್ರ ತಳ ನಂಗೆ ಕಾಣ್ಸಲ್ಲ," ಅಂದಳು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ಕಣ್ಗೆ ಪೊರೆ ಬಂದೈತೆ. ಓದ್ ವರ್ಷವೇ ಸುರುವಾಗಿತ್ತು. ಲೇ ಅಮ್ಮಿ, ನೀನ್ ನೋಡಿ ಏಳು. ಯಾವ್ ಬಣ್ಣ?"

"ಅಸ್ರು," ಅಂದೆ.

ಅವಳು ಅದನ್ನು ಎಡಕ್ಕೆ ಎಸೆದಳು. ಆ ಬುಟ್ಟಿಯದ್ದು ಪೂರ್ತಿ ಎಡಕ್ಕೆ ತಳ್ಳಿದಳು, ಒಂದನ್ನೂ ಬಿಡದೆ.

ಆಗ ಎದ್ದಿತು ಗಲಾಟೆ. ಹೋದ ವರ್ಷವೇ ಅಂದರೆ ಹೋದ ವರ್ಷ ನಾವು ತಿಂದಿದ್ದೇನು ಅಂತ ಒಬ್ಬ ಹೊಟ್ಟೆ ಹಿಡಿದುಕೊಂಡ, ಒಂದು ವರ್ಷದ ಮೇಲೆ. ಒಬ್ಬರು ಎಲ್ಲವನ್ನೂ ಗುಂಡಿಗೆ ಹಾಕಿ ಅಂದರು. ವಾರಗಿತ್ತಿ ಮುಂದೆ ಬಂದಳು. ಕುರುಡಿಯನ್ನು ಕೂರಿಸಿಕೊಂಡು ಊರು ಸಾಯಬೇಕೇ, ಕಾಲುಂಗುರ ಹಾಕಿ ಬೇಯಿಸಿ, ಇನ್ನು ಮೇಲೆ ಆ ಕದ ನಮ್ಮ ಮನೆಯಲ್ಲಿರಲಿ ಅಂತ ಕಾಲು ಮುಂದಿಟ್ಟು ಉಂಗುರ ಕಳಚಲು ಬಗ್ಗಿದಳು.

ಅತ್ತೆ ಅವಳ ದನಿ ಬಂದ ಕಡೆ ತಿರುಗಿ ಹೇಳಿದಳು, "ಆಕು ಕಣಮ್ಮಿ. ಎಡಗಡೆ ಬಿದ್ದೈತಲ್ಲ ನಿಂದು, ಅದನ್ನೇ ಬೇರೆ ಗಡಿಗೇಲಿ ಬೇಯ್ಸಿ ಉಂಗ್ರ ಆಕು. ಬೆಳ್ಳಗೇ ಇರ್ತದೆ. ಆಮ್ಯಾಕೆ ನೀನ್ ಒಂದ್ ತುತ್ತು ತಿನ್ನು. ನಾವು ನೆಳ್ಳು ನೋಡ್ಕಂಡ್ ಕೂತಿರ್ತೀವಿ."

ವಾರಗಿತ್ತಿ ಬಗ್ಗಿದವಳು ಉಂಗುರವನ್ನು ಅತ್ತ ಇತ್ತ ತಿರುಗಿಸಿ ಹಾಗೇ ಎದ್ದು ನಿಂತಳು. ಕಾಲು ಊದಿದೆ, ಬರುತ್ತಿಲ್ಲ ಅಂದಳು. ಅಲ್ಲಲ್ಲಿ ಕಿಸಕ್ ಅಂದರು.

ತಾತ ಕೋಲಿನಿಂದ ನೆಲ ಕುಟ್ಟಿದ. ಅವನ ಮಾತು ಯಾವಾಗಲೂ ಕಡಿಮೆ. ಬಲಗಡೆಯ ರಾಶಿಯ ಮೇಲೆ ನಿನಗೆ ನಂಬಿಕೆ ಇದೆಯಾ ಅಂತ ಅತ್ತೆಯನ್ನು ಕೇಳಿದ. ಇದೆ ಅಂದಳು. ನಾನೂ ಅಷ್ಟೂ ತಳ ನೋಡಿದ್ದೇನೆ, ಬೆಳ್ಳಗಿವೆ ಅಂತ ಯಾರೂ ಕೇಳದೆ ನಾನು ಹೇಳಿದೆ. ತಾತ ನನ್ನನ್ನು ದಿಟ್ಟಿಸಿದ.

"ಕೈ ಅವಳ್ದು, ಕಣ್ಣು ನಿಂದು. ಅಂಗಾದ್ರೆ ಮೊದಲ್ ತುತ್ತು ಇಬ್ರೂ ತಿನ್ನಿ," ಅಂದ. "ಇಬ್ರೂ ನೆಟ್ಗಿದ್ರೆ ಕದ ಅಲ್ಲೇ ಇರ್ಲಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಣಬೆ ತಿನ್ನುವುದಿಲ್ಲ ಅನ್ನುವುದು ಊರಿನ ನಾಯಿಗಳಿಗೂ ಗೊತ್ತಿತ್ತು. ಅತ್ತೆ ಮಾತ್ರ ನನ್ನ ಕಡೆ ತಿರುಗಲಿಲ್ಲ, ತೊಡೆಯ ಮೇಲಿನ ಮಣ್ಣು ಕೊಡವುತ್ತಿದ್ದಳು. ಬೇಡಿಕೊಂಡಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಬೇಡಲಿಲ್ಲ.

ತಿನ್ನುತ್ತೇನೆ ಅಂದೆ.

ಬೆಳ್ಳುಳ್ಳಿ, ಮೆಣಸು, ಹುರಿದ ಕೊತ್ತಂಬರಿ ಬೀಜ, ಕಾಯಿ, ಹುರಿಗಡಲೆ ಅರೆದು ಸಾರು ಮಾಡಿದರು. ಕೊಪ್ಪರಿಗೆ ಕುದಿಯುತ್ತಾ ಕುದಿಯುತ್ತಾ ಆ ವಾಸನೆ ಮಸಾಲೆಯೊಳಗಿಂದ ತಲೆ ಎತ್ತಿತು. ಮುತ್ತುಗದ ಎಲೆಯಲ್ಲಿ ಮುದ್ದೆ, ಮೇಲೆ ಸಾರು. ಅತ್ತೆ ಮುರಿದು, ಅದ್ದಿ, ನುಂಗಿದಳು. ನಾನು ಉಸಿರು ಬಿಗಿಹಿಡಿದು ಬಾಯಿಗಿಟ್ಟೆ. ಮೆತ್ತಗೆ ಜಾರಿತು. ಅಪ್ಪನ ಅಂಗಿಯನ್ನೇ ನುಂಗಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಮೆಣಸಿನದು. ವಾಂತಿಯಾದರೆ ವಿಷ ಅಂದುಕೊಳ್ಳುತ್ತಾರೆ, ಕದ ಹೋಗುತ್ತದೆ. ಹಲ್ಲು ಕಚ್ಚಿ ಹಿಡಿದೆ.

ಆಮೇಲೆ ಕೂತೆವು.

ನೆರಳು ಮರದ ಬುಡಕ್ಕೆ ಬಂದು ಸೇರಿತ್ತು. ಅದು ತಿರುಗಿ ಮೂಡಲಕ್ಕೆ ಹರಿದು ಕಲ್ಲು ಮುಟ್ಟಬೇಕು. ನೆರಳನ್ನು ನೋಡುತ್ತಾ ಕೂತರೆ ಅದು ಹೋಗುವುದೇ ಇಲ್ಲ. ಬೇರೆ ಕಡೆ ನೋಡಿ ತಿರುಗಿದರೆ ಒಂದು ಎಲೆಯಷ್ಟು ಹೋಗಿರುತ್ತದೆ. ಊರೆಲ್ಲಾ ನಮ್ಮ ಎದುರು ಕೂತಿತ್ತು. ಎಲ್ಲರೂ ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದರು, ಮಳೆಗೆ ಮೋಡ ನೋಡುವವರ ಹಾಗೆ. ಕೆರೆಯ ಮೇಲಿನಿಂದ ಗಾಳಿ ಬಂದಾಗ ಹೊಂಗೆ ಎಲೆಯ ನಡುವಿನ ಬೆಳಕಿನ ಚುಕ್ಕೆಗಳು ಎಲ್ಲರ ಮೈಮೇಲೆ ಓಡಾಡಿದವು. ಆ ಚುಕ್ಕೆಗಳಲ್ಲಿ ಊರಿನವರು ಅಲುಗಾಡುತ್ತಾ, ನೀರಿನಡಿ ಕೂತವರ ಹಾಗೆ ಕಂಡರು. ನನಗೆ ನಿದ್ದೆಯೂ ಅಲ್ಲ ಎಚ್ಚರವೂ ಅಲ್ಲ. ಹುತ್ತದ ಸುತ್ತ ಸಾಲಾಗಿ ಕೂತವರನ್ನು ಹಿಂದಿನ ದಿನ ನೋಡಿದ್ದೆನಲ್ಲ, ಈಗ ಅವರೇ ಬಂದು ನಮ್ಮನ್ನು ನೋಡುತ್ತಾ ಕೂತಿದ್ದಾರೆ ಅನ್ನಿಸಿತು.

ಒಂದು ಹೊತ್ತಿನಲ್ಲಿ ನೆಲ ಸಣ್ಣಗೆ ನಡುಗಿತು. ಕೊಪ್ಪರಿಗೆಯ ಮುಚ್ಚಳ ಕಿಣಿ ಕಿಣಿ ಅಂದಿತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ನಮ್ಮೂರಿನವರೆಗೂ ಹಾಗೆ ಒಮ್ಮೊಮ್ಮೆ ಬರುತ್ತಿತ್ತು. ಅಪ್ಪ ಆ ಹೊತ್ತಿಗೆ ಕೆಳಗಿರುತ್ತಾನೋ, ಪಾಳಿ ಮುಗಿಸಿ ಮೇಲೆ ಬಂದಿರುತ್ತಾನೋ ಅಂತ ಲೆಕ್ಕ ಹಾಕಿದೆ. ಮೇಲೆ ಬಂದಿರುತ್ತಾನೆ. ಅಂಗಿ ಮೊಳೆಯ ಮೇಲಿರುತ್ತದೆ. ಬಾಯಲ್ಲಿ ಇನ್ನೂ ಆ ರುಚಿ ಇತ್ತು. ಇಷ್ಟವಾಯಿತು ಅನ್ನುವುದಿಲ್ಲ. ಆದರೆ ಕಚ್ಚಿ ಹಿಡಿದಿದ್ದ ಹಲ್ಲನ್ನು ಸಡಿಲ ಬಿಟ್ಟೆ.

ಅತ್ತೆ ತುಟಿ ಅಲ್ಲಾಡಿಸದೆ ಕೇಳಿದಳು, ಏನು ಕಾಣುತ್ತಿದೆ ಅಂತ. ಕೆರೆ ಕಾಣುತ್ತಿದೆ, ಹುಚ್ಚೆಳ್ಳು ಹೂವು ಕಾಣುತ್ತಿದೆ, ದೂರದಲ್ಲಿ ಗಣಿಯ ದಿಬ್ಬ ಬೆಳ್ಳಗೆ ಕಾಣುತ್ತಿದೆ ಅಂದೆ. ನಿಮಗೇನು ಕಾಣುತ್ತಿದೆ ಅಂತ ನಾನೂ ಕೇಳಿದೆ.

"ಎಲ್ಲಾ ಅಣಬೆ ಬಣ್ಣ," ಅಂದಳು. "ನೀನೂ, ಮರವೂ, ಆ ಮುದ್ಕನೂ. ಚೆಂದಾಗೈತೆ ಕಣಮ್ಮಿ. ಬರೀ ಇದ್ನೇ ನೋಡ್ಕಂಡ್ ಇದ್ಬುಡಬೋದು, ಯಾರೂ ಆರಿಸು ಅನ್ದಿದ್ರೆ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಹೊಟ್ಟೆಯಿಂದ ದೊಡ್ಡದೊಂದು ತೇಗು ಬಂತು. ಎದುರಿಗಿದ್ದ ಊರು ಅರ್ಧ ಎದ್ದು ನಿಂತಿತು. ತಾತನ ಕೈಯ ಕೋಲು ಜಾರಿತು. ಅತ್ತೆ ಬಾಯಿ ಒರೆಸಿಕೊಂಡು, ಬೆಳ್ಳುಳ್ಳಿ ಜಾಸ್ತಿಯಾಗಿದೆ ಅಂದಳು. ಊರು ಮತ್ತೆ ಕೂತಿತು.

ನೆರಳು ಕಲ್ಲು ಮುಟ್ಟಿದ್ದನ್ನು ನಾನು ನೋಡಲಿಲ್ಲ. ತಾತ ಎದ್ದು ಕಲ್ಲಿನ ಮೇಲೆ ಅಂಗೈ ಇಟ್ಟು ತಣ್ಣಗಾಗಿದೆಯಾ ನೋಡಿದ. ಆಮೇಲೆ ತನ್ನ ಎಲೆಯನ್ನು ತಾನೇ ತಂದು ಕೊಪ್ಪರಿಗೆಯ ಮುಂದೆ ಹಿಡಿದ. ಅಷ್ಟೇ. ಊರು ಎದ್ದು ಸಾಲಿಗೆ ನಿಂತಿತು. ವಾರಗಿತ್ತಿ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಎರಡು ಸಲ ಹಾಕಿಸಿಕೊಂಡಳು. ಊದಿದ ಕಾಲು ಇಳಿದಿತ್ತು.

ಮುಂದಿನ ಬೇಸಗೆಯಲ್ಲಿ ಅತ್ತೆ ತಾನಾಗಿಯೇ ಬಂಗಾರಪೇಟೆಯ ಬಸ್ಸು ಹತ್ತಿದಳು. ಒಂದು ಕಣ್ಣು ಮಾತ್ರ ಮಾಡಿಸಿಕೊಳ್ಳುತ್ತೇನೆ, ಕೆಟ್ಟರೆ ಒಂದೇ ಕೆಡಲಿ ಅಂದಳು. ಕೆಡಲಿಲ್ಲ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಕಪ್ಪಗಿದ್ದೀಯಾ, ಯಾರೂ ಹೇಳಲೇ ಇಲ್ಲವಲ್ಲ ಅಂದಳು. ಆ ವರ್ಷ ಹಸ್ತೆ ಮಳೆಗೆ ಗಂಡಸರು ಕದ ಹೊತ್ತು ತಂದಾಗ ತಳ ತಾನೇ ನೋಡಿಕೊಳ್ಳುವಷ್ಟು ಕಣ್ಣು ಅವಳಿಗಿತ್ತು. ಆದರೂ ಕಲ್ಲುಗಳನ್ನು ಇನ್ನೂ ಸ್ವಲ್ಪ ದೂರ ದೂರ ಇಡಿಸಿ, ಕದವನ್ನು ಉದ್ದಕ್ಕೆ ಹಾಸಿಸಿದಳು. ಪಕ್ಕದ ನೆಲವನ್ನು ಕೈಯಲ್ಲಿ ತಟ್ಟಿ ನನ್ನನ್ನು ಕರೆದಳು. ಮೊದಲನೆಯ ಅಣಬೆ ಎತ್ತಿ ಕನ್ನಡಕದ ಹತ್ತಿರ ಹಿಡಿದು, ಪೊರೆ ಇದ್ದಾಗಲೇ ಇವು ಚೆಂದ ಕಾಣುತ್ತಿದ್ದವು, ಈಗ ನೋಡಿದರೆ ಮೈತುಂಬಾ ಹುಳದ ತೂತು ಅಂತ ಬೈದುಕೊಂಡೇ ಬಲಕ್ಕೆ ಹಾಕಿದಳು.

ಅವಳು ಹೋದ ಮೇಲೂ ಕದದ ಹಿಂದೆ ನಾನು ಕೂರುತ್ತಾ ಬಂದಿದ್ದೇನೆ. ಬೇರು ಮುರಿದು ತಂದವರಿಗೆ ಬುಟ್ಟಿ ಸಮೇತ ವಾಪಸು. ಅಣಬೆ ನನಗೆ ಈಗಲೂ ಸೇರುವುದಿಲ್ಲ. ವರ್ಷಕ್ಕೆ ಆ ಒಂದು ತುತ್ತು ತಿನ್ನುತ್ತೇನೆ, ತಿಂದು ನೆರಳು ಕಲ್ಲು ಮುಟ್ಟುವವರೆಗೆ ಕೂರುತ್ತೇನೆ. ಆಮೇಲೆ ಮನೆಗೆ ಬಂದು ಮುದ್ದೆಗೆ ಉಪ್ಪು, ಮೆಣಸಿನಕಾಯಿ ನಂಚಿಕೊಂಡು ಉಣ್ಣುತ್ತೇನೆ.